‘ಅಡ್ವಾನ್ಸ್’ ಎಂಬ ಕ್ರಿಯಾಪದವನ್ನು ತಪ್ಪಿಲ್ಲದೆ ಕನ್ನಡಕ್ಕೆ ತರುವ ಬಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಇಂಗ್ಲಿಷ್‌ನಿಂದ ಕನ್ನಡಕ್ಕೆ ಬರುವ ಪ್ರಕಟಣೆ, ವರದಿ ಮತ್ತು ಪಾಠಗಳಲ್ಲಿ ‘ಅಡ್ವಾನ್ಸ್’ ಎಂಬ ಒಂದೇ ಕ್ರಿಯಾಪದ ಮತ್ತೆ ಮತ್ತೆ ಎಡವಿಸುತ್ತದೆ. ಪರೀಕ್ಷೆಯನ್ನು ಎರಡು ದಿನ ಮೊದಲೇ ನಡೆಸುತ್ತೇವೆ ಎಂಬ ಸೂಚನೆ ‘ಎರಡು ದಿನ ಮುಂದೂಡಲಾಗಿದೆ’ ಎಂದು ಅಚ್ಚಾಗುತ್ತದೆ. ಕಾಯಿಲೆ ಉಲ್ಬಣಿಸಿದೆ ಎಂಬ ವೈದ್ಯರ ಮಾತು ‘ಸುಧಾರಿತ ಕಾಯಿಲೆ’ ಎಂದಾಗುತ್ತದೆ. ವಿಜ್ಞಾನಿಯೊಬ್ಬ ಮುಂದಿಟ್ಟ ಊಹೆ ‘ಅಭಿವೃದ್ಧಿಪಡಿಸಿದ ಸಿದ್ಧಾಂತ’ವಾಗಿಬಿಡುತ್ತದೆ. ಈ ತಪ್ಪುಗಳನ್ನು ಮಾಡುವವರು ಇಂಗ್ಲಿಷ್ ಬಾರದವರೇನಲ್ಲ. ‘ಅಡ್ವಾನ್ಸ್’ ನಮ್ಮ ದಿನಬಳಕೆಯ ಮಾತಿನಲ್ಲೇ ಇರುವುದರಿಂದ ಅದರ ಅರ್ಥ ಗೊತ್ತಿದೆ ಎಂದು ನಂಬಿ, ನಿಘಂಟು ತೆರೆಯದೆ ಮುಂದೆ ಸಾಗುವವರೇ ಹೆಚ್ಚಾಗಿ ಇಲ್ಲಿ ಸಿಕ್ಕಿಬೀಳುತ್ತಾರೆ.

ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಅನುಸರಿಸಬೇಕೆಂದು ಕೋರುತ್ತೇನೆ. ಕನ್ನಡ ಪದವನ್ನು ಮೊದಲು ಆರಿಸಿ, ಅದಕ್ಕೆ ಹೊಂದುವಂತೆ ವಾಕ್ಯವನ್ನು ಬಗ್ಗಿಸುವ ಅಭ್ಯಾಸವೇ ಬಹುಪಾಲು ತಪ್ಪುಗಳ ಮೂಲ. ಪದದ ಆಯ್ಕೆ ಕೊನೆಗೆ ಬರಬೇಕು.

ಆರಂಭಿಸುವ ಮೊದಲು ಬೇಕಾದ ಸಲಕರಣೆಗಳು

ಮೊದಲನೆಯದಾಗಿ, ವಾಕ್ಯವೊಂದೇ ಸಾಲದು, ಅದು ಬಂದಿರುವ ಇಡೀ ಪರಿಚ್ಛೇದ ಕಣ್ಣೆದುರು ಇರಬೇಕು. ‘ಅಡ್ವಾನ್ಸ್’ ಪದದ ಅರ್ಥವನ್ನು ತೀರ್ಮಾನಿಸುವ ಸುಳಿವು ಅನೇಕ ವೇಳೆ ಹಿಂದಿನ ಅಥವಾ ಮುಂದಿನ ವಾಕ್ಯದಲ್ಲಿ, ಒಂದು ದಿನಾಂಕದ ರೂಪದಲ್ಲೋ ಮೊತ್ತದ ರೂಪದಲ್ಲೋ ಅಡಗಿರುತ್ತದೆ.

ಎರಡನೆಯದಾಗಿ, ಇಂಗ್ಲಿಷ್ ಕಲಿಯುವವರಿಗಾಗಿ ಸಿದ್ಧಪಡಿಸಿದ, ಉದಾಹರಣೆ ವಾಕ್ಯಗಳುಳ್ಳ ಇಂಗ್ಲಿಷ್–ಇಂಗ್ಲಿಷ್ ನಿಘಂಟು ಬೇಕು. ಕ್ರಿಯಾಪದವು ಸಕರ್ಮಕವೋ ಅಕರ್ಮಕವೋ ಎಂಬುದನ್ನು ಅದು ಪ್ರತಿ ಅರ್ಥದ ಪಕ್ಕದಲ್ಲೂ ಗುರುತಿಸಿರುತ್ತದೆ, ನಮಗೆ ಆ ಗುರುತೇ ಮುಖ್ಯ. ಇಂಗ್ಲಿಷ್–ಕನ್ನಡ ನಿಘಂಟನ್ನು ಆರನೆಯ ಹಂತ ಮುಗಿಯುವವರೆಗೆ ತೆರೆಯದಿರುವುದು ಒಳ್ಳೆಯದು. ಅಲ್ಲಿ ಸಾಲಾಗಿ ನಿಂತಿರುವ ಹತ್ತು ಸಮಾನಾರ್ಥಕಗಳಲ್ಲಿ ಮೊದಲನೆಯದನ್ನೇ ಎತ್ತಿಕೊಳ್ಳುವ ಆಸೆಯನ್ನು ತಡೆಯುವುದು ಅನುಭವಿಗಳಿಗೂ ಕಷ್ಟ.

ಮೂರನೆಯದಾಗಿ, ಒಂದು ಹಾಳೆ ಮತ್ತು ಪೆನ್ಸಿಲ್. ಕಾಲಕ್ಕೆ ಸಂಬಂಧಿಸಿದ ವಾಕ್ಯಗಳಲ್ಲಿ ಗೆರೆ ಎಳೆದು ನೋಡದೆ ಮುಂದುವರಿಯಬಾರದು. ಯಂತ್ರಾನುವಾದವನ್ನು ಬಳಸುವುದಾದರೆ ನಿಮ್ಮ ಕರಡು ಸಿದ್ಧವಾದ ಮೇಲೆ, ಹೋಲಿಸಿ ನೋಡುವುದಕ್ಕೆ ಮಾತ್ರ ಬಳಸಿರಿ. ಮೊದಲೇ ನೋಡಿದರೆ ಅದರ ತಪ್ಪು ನಿಮ್ಮ ಕಿವಿಗೆ ಸರಿಯೆನ್ನಿಸತೊಡಗುತ್ತದೆ.

ಹಂತ 1: ಪದವು ಕ್ರಿಯಾಪದವೋ, ನಾಮಪದವೋ, ವಿಶೇಷಣವೋ ಎಂದು ಗುರುತಿಸಿ

‘ಅಡ್ವಾನ್ಸ್’ ಮೂರೂ ಆಗಬಲ್ಲದು. ‘ದಿ ಆರ್ಮಿ ಅಡ್ವಾನ್ಸ್ಡ್’ ಎಂಬಲ್ಲಿ ಅದು ಕ್ರಿಯಾಪದ. ‘ಆ್ಯನ್ ಅಡ್ವಾನ್ಸ್ ಇನ್ ಮೆಡಿಸಿನ್’ ಎಂಬಲ್ಲಿ ನಾಮಪದ. ‘ಅಡ್ವಾನ್ಸ್ ನೋಟೀಸ್’ ಎಂಬಲ್ಲಿ ವಿಶೇಷಣ. ಇವುಗಳ ಜೊತೆಗೆ, ಕ್ರಿಯಾಪದದ ಭೂತಕಾಲದಂತೆಯೇ ಕಾಣುವ ‘ಅಡ್ವಾನ್ಸ್ಡ್’ ಎಂಬ ಸ್ವತಂತ್ರ ವಿಶೇಷಣವೊಂದಿದೆ. ಅದರ ಅರ್ಥದ ಹರವು ಬೇರೆಯಾದ್ದರಿಂದ ಐದನೆಯ ಹಂತದಲ್ಲಿ ಪ್ರತ್ಯೇಕವಾಗಿ ಎತ್ತಿಕೊಳ್ಳುತ್ತೇನೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ‘ಅಡ್ವಾನ್ಸ್’ ಮತ್ತು ‘ಅಡ್ವಾನ್ಸ್ಡ್’ ಎಂಬ ಎರಡು ವಿಶೇಷಣಗಳನ್ನು ಅದಲುಬದಲು ಮಾಡುವುದು. ಮೊದಲನೆಯದು ಕಾಲವನ್ನು ಹೇಳುತ್ತದೆ: ‘ಅಡ್ವಾನ್ಸ್ ಬುಕಿಂಗ್’ ಎಂದರೆ ಮುಂಚಿತವಾಗಿ ಕಾಯ್ದಿರಿಸುವುದು. ಎರಡನೆಯದು ಮಟ್ಟವನ್ನು ಹೇಳುತ್ತದೆ: ‘ಅಡ್ವಾನ್ಸ್ಡ್ ಕೋರ್ಸ್’ ಎಂದರೆ ಉನ್ನತ ಮಟ್ಟದ ಶಿಕ್ಷಣಕ್ರಮ. ‘ಅಡ್ವಾನ್ಸ್ಡ್ ಬುಕಿಂಗ್’ ಎಂದು ಬರೆದ ಫಲಕಗಳು ಕಂಡರೂ ಅವನ್ನು ಮಾದರಿಯಾಗಿ ಸ್ವೀಕರಿಸಬೇಡಿ.

ಹಂತ 2: ಕರ್ಮವಿದೆಯೇ ಎಂದು ನೋಡಿ

ಕ್ರಿಯಾಪದವೆಂದು ಖಚಿತವಾದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಚಲಿಸುತ್ತಿರುವುದು ಕರ್ತೃವೋ, ಅಥವಾ ಕರ್ತೃವು ಬೇರೊಂದನ್ನು ಚಲಿಸುವಂತೆ ಮಾಡುತ್ತಿದ್ದಾನೆಯೋ? ಇಂಗ್ಲಿಷ್ ಈ ಎರಡಕ್ಕೂ ಒಂದೇ ರೂಪವನ್ನು ಬಳಸುತ್ತದೆ, ಕನ್ನಡ ಹಾಗೆ ಬಿಡುವುದಿಲ್ಲ. ನಡೆ ಮತ್ತು ನಡೆಸು, ಏರು ಮತ್ತು ಏರಿಸು, ಸರಿ ಮತ್ತು ಸರಿಸು ಎಂಬ ಜೋಡಿಗಳಲ್ಲಿ ಒಂದನ್ನು ಆರಿಸಲೇಬೇಕಾಗುತ್ತದೆ. ಚದುರಂಗದಲ್ಲಿ ‘ದಿ ಪಾನ್ ಅಡ್ವಾನ್ಸಸ್’ ಎಂದರೆ ಕಾಲಾಳು ಮುಂದಕ್ಕೆ ನಡೆಯುತ್ತದೆ, ‘ವೈಟ್ ಅಡ್ವಾನ್ಸಸ್ ದಿ ಪಾನ್’ ಎಂದರೆ ಬಿಳಿಯ ಆಟಗಾರ ಕಾಲಾಳನ್ನು ಮುಂದಕ್ಕೆ ನಡೆಸುತ್ತಾನೆ. ಇದೇ ಕಾಲಾಳು ಕೊನೆಯ ಸಾಲು ಮುಟ್ಟಿ ರಾಣಿಯಾಗುವುದಕ್ಕೆ ಇಂಗ್ಲಿಷ್‌ನಲ್ಲಿ ‘ಪ್ರಮೋಷನ್’ ಎನ್ನುತ್ತಾರೆಯೇ ಹೊರತು ‘ಅಡ್ವಾನ್ಸ್’ ಎನ್ನುವುದಿಲ್ಲ ಎಂಬುದನ್ನೂ ಗಮನಿಸಿರಿ.

ಈ ಹಂತದಲ್ಲಿ ಕನ್ನಡವೇ ಒಡ್ಡುವ ಬಲೆಯೊಂದಿದೆ. ‘ಮುಂದುವರಿ’ ಎಂಬುದಕ್ಕೆ ಮುಂದೆ ಸಾಗು ಎಂಬ ಅರ್ಥವಿದ್ದರೂ, ‘ಮುಂದುವರಿಸು’ ಎಂದ ಕೂಡಲೇ ಓದುಗರು ‘ನಿಲ್ಲಿಸದಿರು’ ಎಂದು ತಿಳಿಯುತ್ತಾರೆ. ‘ದೇ ವಾಂಟ್ ಟು ಅಡ್ವಾನ್ಸ್ ದಿ ಟಾಕ್ಸ್’ ಎಂಬುದನ್ನು ‘ಮಾತುಕತೆಯನ್ನು ಮುಂದುವರಿಸಲು ಬಯಸುತ್ತಾರೆ’ ಎಂದು ಬರೆದರೆ, ಮಾತುಕತೆ ಇದ್ದ ಸ್ಥಿತಿಯಲ್ಲೇ ನಡೆಯುತ್ತಿರಲಿ ಎಂಬ ಅರ್ಥ ಬರುತ್ತದೆ. ಮೂಲದಲ್ಲಿರುವುದು ಅದಕ್ಕಿಂತ ಹೆಚ್ಚಿನದು: ಮಾತುಕತೆ ಒಂದು ಹೆಜ್ಜೆಯಾದರೂ ಫಲದತ್ತ ಸಾಗಲಿ ಎಂಬುದು. ಆದ್ದರಿಂದ ‘ಮಾತುಕತೆಯಲ್ಲಿ ಪ್ರಗತಿ ತರಲು ಬಯಸುತ್ತಾರೆ’ ಎಂದು ಬರೆಯುವುದು ಸರಿ.

ಹಂತ 3: ಚಲಿಸುತ್ತಿರುವ ವಸ್ತು ಯಾವ ಬಗೆಯದು ಎಂದು ನಿರ್ಧರಿಸಿ

ಇದು ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವ ಹಂತ. ಚಲಿಸುತ್ತಿರುವುದು ದೇಹವೇ, ವಿಚಾರವೇ, ಧ್ಯೇಯವೇ, ಸ್ಥಾನಮಾನವೇ, ಬೆಲೆಯೇ, ಹಣವೇ, ಕಾಲವೇ ಎಂಬುದನ್ನು ಅಂಚಿನಲ್ಲಿ ಬರೆದುಕೊಳ್ಳಿರಿ. ಹಣ ಮತ್ತು ಕಾಲಕ್ಕೆ ಮುಂದಿನ ಹಂತಗಳು ಮೀಸಲು, ಉಳಿದವು ಇಲ್ಲಿವೆ.

ದೇಹ ಅಥವಾ ಪಡೆ ಚಲಿಸುವಾಗ ಮುನ್ನಡೆ, ಮುನ್ನುಗ್ಗು, ಮುಂದೆ ಸಾಗು ಎಂಬ ಪದಗಳು ಒದಗುತ್ತವೆ. ವೇಗ ಮತ್ತು ಉದ್ದೇಶವನ್ನು ನೋಡಿ ಆರಿಸಬೇಕು. ಸೇನೆ ಮುನ್ನುಗ್ಗಬಹುದು, ಮುದುಕರೊಬ್ಬರು ವೇದಿಕೆಯತ್ತ ಮುನ್ನುಗ್ಗಿದರು ಎಂದರೆ ಆಭಾಸವಾಗುತ್ತದೆ. ನಿರ್ಜೀವ ವಸ್ತುಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಮರುಭೂಮಿ ‘ಅಡ್ವಾನ್ಸ್’ ಆಗುವುದೆಂದರೆ ಹಬ್ಬುವುದು. ಮಾನ್ಸೂನ್ ‘ಅಡ್ವಾನ್ಸ್’ ಆಯಿತೆಂದರೆ ಅದು ಇನ್ನಷ್ಟು ಪ್ರದೇಶಗಳಿಗೆ ವ್ಯಾಪಿಸಿತು ಎಂದರ್ಥ. ಅದನ್ನು ‘ಮುಂಚಿತವಾಗಿ ಬಂತು’ ಎಂದು ಬರೆಯುವುದು ಹವಾಮಾನ ವರದಿಗಳಲ್ಲಿ ನುಸುಳುವ ತಪ್ಪು. ಹಿಮನದಿ ‘ಅಡ್ವಾನ್ಸ್’ ಆಗುವುದೆಂದರೆ ಅದರ ತುದಿ ಕೆಳಗಿನ ಕಣಿವೆಯತ್ತ ಚಾಚಿಕೊಳ್ಳುವುದು. ಹಿಮನದಿಯೊಳಗಿನ ಮಂಜುಗಡ್ಡೆ ಯಾವಾಗಲೂ ಇಳಿಜಾರಿನತ್ತಲೇ ಹರಿಯುತ್ತಿರುತ್ತದೆ, ತುದಿ ಹಿಂದೆ ಸರಿಯುತ್ತಿರುವ ಹಿಮನದಿಯಲ್ಲೂ ಹರಿಯುತ್ತಿರುತ್ತದೆ. ಹೀಗಾಗಿ ಇಲ್ಲಿ ‘ಹರಿಯಿತು’ ಎಂಬ ಪದ ಸಲ್ಲದು, ‘ತುದಿ ಮುಂದಕ್ಕೆ ಚಾಚಿತು’ ಎಂದೇ ಬರೆಯಬೇಕು.

ವಿಚಾರ, ವಾದ ಅಥವಾ ಹಕ್ಕುಸಾಧನೆ ಕರ್ಮವಾದಾಗ ‘ಮಂಡಿಸು’ ಮತ್ತು ‘ಮುಂದಿಡು’ ಎಂಬ ಎರಡೇ ಪದಗಳು ಬಹುತೇಕ ಎಲ್ಲ ಸಂದರ್ಭಗಳಿಗೂ ಸಾಕು. ಇಲ್ಲಿ ‘ಅಡ್ವಾನ್ಸ್’ ಎಂದರೆ ಇತರರ ಪರಿಶೀಲನೆಗೆ ಇಡುವುದಷ್ಟೇ. ಅದು ಒಪ್ಪಿತವಾಯಿತೆಂದಾಗಲಿ, ಸಾಬೀತಾಯಿತೆಂದಾಗಲಿ ಸೂಚನೆಯಿಲ್ಲ. ಜರ್ಮನ್ ವಿಜ್ಞಾನಿ ಆಲ್ಫ್ರೆಡ್ ವೆಗೆನರ್ 1912ರಲ್ಲಿ ಖಂಡಗಳ ಅಲೆತದ ಊಹೆಯನ್ನು ‘ಅಡ್ವಾನ್ಸ್’ ಮಾಡಿದರು. ಭೂವಿಜ್ಞಾನಿಗಳಲ್ಲಿ ಹೆಚ್ಚಿನವರು ಖಂಡಗಳು ಚಲಿಸುತ್ತವೆ ಎಂಬುದನ್ನು ಒಪ್ಪಿಕೊಂಡದ್ದು 1960ರ ದಶಕದಲ್ಲಿ, ಭೂಮಿಯ ಹೊರಪದರವು ಚಲಿಸುವ ದೊಡ್ಡ ಫಲಕಗಳಾಗಿ ಒಡೆದಿದೆ ಎನ್ನುವ ಭೂಫಲಕಗಳ ಸಿದ್ಧಾಂತ ರೂಪುಗೊಂಡ ಮೇಲೆ. ‘ವೆಗೆನರ್ 1912ರಲ್ಲಿ ಸಿದ್ಧಾಂತವನ್ನು ಸ್ಥಾಪಿಸಿದರು’ ಎಂದು ಬರೆದ ಅನುವಾದಕರು ಒಂದು ಕ್ರಿಯಾಪದದಿಂದ ಅರ್ಧ ಶತಮಾನದ ವಿವಾದವನ್ನೇ ಅಳಿಸಿಹಾಕಿದಂತಾಗುತ್ತದೆ. ನ್ಯಾಯಾಲಯದ ವರದಿಗಳಲ್ಲಿ ಈ ವ್ಯತ್ಯಾಸ ಇನ್ನೂ ಸೂಕ್ಷ್ಮ: ವಕೀಲರು ‘ಅಡ್ವಾನ್ಸ್’ ಮಾಡಿದ ವಾದ ಮಂಡಿತವಾದ ವಾದ ಮಾತ್ರ, ನ್ಯಾಯಾಲಯ ಎತ್ತಿಹಿಡಿದ ವಾದವಲ್ಲ.

ಧ್ಯೇಯ, ಹಿತಾಸಕ್ತಿ ಅಥವಾ ಜ್ಞಾನಶಾಖೆ ಕರ್ಮವಾದಾಗ ಮೂಲದ ದನಿಯನ್ನು ಆಲಿಸಬೇಕು. ‘ಟು ಅಡ್ವಾನ್ಸ್ ದಿ ಕಾಸ್ ಆಫ್ ಪೀಸ್’ ಎಂಬುದು ಶಾಂತಿಗೆ ಒತ್ತಾಸೆಯಾಗುವುದು, ಶಾಂತಿಯ ಆಶಯಕ್ಕೆ ಬಲ ತುಂಬುವುದು. ‘ಟು ಅಡ್ವಾನ್ಸ್ ಹಿಸ್ ಓನ್ ಇಂಟರೆಸ್ಟ್ಸ್’ ಎಂಬುದು ಸ್ವಂತ ಹಿತ ಸಾಧಿಸಿಕೊಳ್ಳುವುದು, ಅಲ್ಲಿ ‘ಉತ್ತೇಜಿಸು’ ಎಂಬ ಮೆಚ್ಚುಗೆಯ ಪದ ಬಂದರೆ ಬರೆದವರ ಟೀಕೆ ಕನ್ನಡದಲ್ಲಿ ಹೊಗಳಿಕೆಯಾಗುತ್ತದೆ.

ಸ್ಥಾನಮಾನದ ವಿಷಯ ಸರಳ. ‘ಶಿ ಅಡ್ವಾನ್ಸ್ಡ್ ಟು ದಿ ರ್‍ಯಾಂಕ್ ಆಫ್ ಕರ್ನಲ್’ ಎಂದರೆ ಆಕೆ ಕರ್ನಲ್ ಹುದ್ದೆಗೇರಿದರು. ಕ್ರೀಡೆಯಲ್ಲಿ ‘ಅಡ್ವಾನ್ಸ್ಡ್ ಟು ದಿ ಫೈನಲ್’ ಎಂದರೆ ಫೈನಲ್ ಪ್ರವೇಶಿಸಿತು. ಬೆಲೆ ಅಥವಾ ಷೇರು ಕರ್ತೃವಾದರೆ ‘ಏರಿತು’ ಎಂದಷ್ಟೇ ಸಾಕು.

ಹಂತ 4: ಕಾಲದ ಅರ್ಥವಿದ್ದರೆ ಗೆರೆ ಎಳೆದು ದಿಕ್ಕನ್ನು ಖಚಿತಪಡಿಸಿಕೊಳ್ಳಿ

ಅತಿ ಹೆಚ್ಚು ಹಾನಿ ಆಗುವುದು ಇಲ್ಲಿ. ‘ದಿ ಮೀಟಿಂಗ್ ಹ್ಯಾಸ್ ಬೀನ್ ಅಡ್ವಾನ್ಸ್ಡ್ ಬೈ ಟೂ ಡೇಸ್’ ಎಂದರೆ ಸಭೆ ಎರಡು ದಿನ ಮೊದಲೇ ನಡೆಯುತ್ತದೆ. ಆದರೆ ‘ಅಡ್ವಾನ್ಸ್ ಎಂದರೆ ಮುಂದೆ’ ಎಂಬ ಸಮೀಕರಣವನ್ನು ತಲೆಯಲ್ಲಿಟ್ಟುಕೊಂಡವರ ಕೈ ‘ಮುಂದೂಡು’ ಎಂಬ ಪದದತ್ತ ತಾನಾಗಿಯೇ ಹೋಗುತ್ತದೆ, ಅದರ ಅರ್ಥ ನೇರ ವಿರುದ್ಧ. ಓದುಗ ಎರಡು ದಿನ ತಡವಾಗಿ ಹೋಗುವುದಿಲ್ಲ, ನಾಲ್ಕು ದಿನ ತಡವಾಗಿ ಹೋಗುತ್ತಾನೆ.

ಹೀಗೇಕಾಗುತ್ತದೆ ಎಂಬುದನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ತಪ್ಪು ಮರುಕಳಿಸುವುದಿಲ್ಲ. ಕನ್ನಡದಲ್ಲಿ ನಾವು ದಾರಿಯ ಮೇಲೆ ನಿಂತಿದ್ದೇವೆ, ಬರುವ ದಿನಗಳು ನಮ್ಮ ಮುಂದಿವೆ, ಒಂದು ಕಾರ್ಯವನ್ನು ನಮ್ಮಿಂದ ಇನ್ನಷ್ಟು ಆಚೆಗೆ ತಳ್ಳಿದರೆ ಅದು ‘ಮುಂದೂಡಿಕೆ’. ಇಂಗ್ಲಿಷ್‌ನ ‘ಅಡ್ವಾನ್ಸ್’ನಲ್ಲಿ ಹೆಜ್ಜೆ ಇಡುವುದು ಕಾರ್ಯವೇ. ಅದು ನಮಗೆ ಮುಖಮಾಡಿ ಎದುರಿನಿಂದ ಬರುತ್ತಿದೆ ಎಂದುಕೊಳ್ಳಿ. ಎದುರಿಗೆ ಬರುವ ಅತಿಥಿ ಎರಡು ಹೆಜ್ಜೆ ಮುಂದಿಟ್ಟರೆ ನಮಗೆ ಹತ್ತಿರವಾಗುತ್ತಾರೆ, ಹಾಗೆಯೇ ಸಭೆಯೂ ಹತ್ತಿರವಾಗುತ್ತದೆ. ಎರಡೂ ಭಾಷೆಗಳು ‘ಮುಂದೆ’ ಎನ್ನುತ್ತವೆ, ಯಾರ ಮುಂದೆ ಎಂಬುದೇ ಬೇರೆ.

ವಾಸ್ತವವಾಗಿ ಕನ್ನಡದ ‘ಮುನ್’ ಎಂಬ ಮೂಲವೂ ಎರಡು ಮುಖಗಳದ್ದು. ‘ಮುಂದೆ ನೋಡೋಣ’ ಎಂದಾಗ ಅದು ಬರಲಿರುವ ಕಾಲ, ‘ಮುಂಚೆ’, ‘ಮುನ್ನ’, ‘ಮುನ್ಸೂಚನೆ’, ‘ಮುಂಗಡ’ ಎಂದಾಗ ಅದು ಮೊದಲಿನ ಕಾಲ. ‘ಅಡ್ವಾನ್ಸ್’ ಎಂಬ ಪದಕ್ಕೆ ಕಾಲದ ಅರ್ಥದಲ್ಲಿ ಹೊಂದುವುದು ಈ ಎರಡನೆಯ ಗುಂಪು. ‘ಮುಂಚೆ’ಯನ್ನು ನೆನೆಯಿರಿ, ‘ಮುಂದೆ’ಯನ್ನು ಬಿಡಿರಿ.

ಮಾಡಬೇಕಾದ ಕೆಲಸ ಹೀಗಿದೆ. ಹಾಳೆಯ ಮೇಲೆ ಅಡ್ಡಗೆರೆ ಎಳೆದು ಎಡತುದಿಯಲ್ಲಿ ಇಂದಿನ ದಿನವನ್ನು, ನಡುವೆ ಮೊದಲು ಗೊತ್ತುಪಡಿಸಿದ್ದ ದಿನವನ್ನು ಗುರುತಿಸಿ. ‘ಅಡ್ವಾನ್ಸ್’ ಇದ್ದರೆ ಹೊಸ ದಿನ ಈ ಎರಡರ ನಡುವೆ ಬೀಳಬೇಕು. ‘ಪೋಸ್ಟ್‌ಪೋನ್’ ಅಥವಾ ‘ಪುಷ್ ಬ್ಯಾಕ್’ ಇದ್ದರೆ ಹಳೆಯ ದಿನದ ಬಲಕ್ಕೆ ಬೀಳಬೇಕು. ‘ಬ್ರಿಂಗ್ ಫಾರ್ವರ್ಡ್’ ಎಂಬುದು ‘ಅಡ್ವಾನ್ಸ್’ನ ಸಮಾನಾರ್ಥಕ. ನಮ್ಮಲ್ಲಿ ಬಳಕೆಯಲ್ಲಿರುವ ‘ಪ್ರಿಪೋನ್’ ಎಂಬುದರ ಅರ್ಥವೂ ಅದೇ, ಆದರೆ ಭಾರತೀಯ ಇಂಗ್ಲಿಷ್‌ನ ಹೊರಗೆ ಆ ಪದ ಅನೇಕರಿಗೆ ಪರಿಚಯವಿಲ್ಲ.

‘ಮೂವ್ಡ್ ಫಾರ್ವರ್ಡ್’ ಎಂಬ ನುಡಿ ಬಂದರೆ ಗೆರೆಯೂ ನಿಮ್ಮನ್ನು ಕಾಪಾಡದು. ಬುಧವಾರದ ಸಭೆಯನ್ನು ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಮಾಡಲಾಗಿದೆ, ಈಗ ಅದು ಯಾವ ದಿನ ಎಂಬ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞೆ ಲೇರಾ ಬೊರೊಡಿಟ್ಸ್ಕಿ ಮತ್ತು ಮೈಕೆಲ್ ರ್‍ಯಾಮ್‌ಸ್ಕರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಮಾತಾಡುವವರಿಗೇ ಕೇಳಿದರು. ಕೆಲವರು ಸೋಮವಾರ ಎಂದರು, ಕೆಲವರು ಶುಕ್ರವಾರ ಎಂದರು. ಆ ಭಾಷೆಯವರೇ ಒಮ್ಮತಕ್ಕೆ ಬಾರದ ನುಡಿಯನ್ನು ಊಹಿಸಿ ಅನುವಾದಿಸುವುದು ಸರಿಯಲ್ಲ. ಮೂಲವನ್ನು ಬರೆದವರನ್ನು ಕೇಳಿ ದಿನಾಂಕವನ್ನು ಪಡೆಯಿರಿ.

ಕನ್ನಡದಲ್ಲಿ ಬರೆಯುವಾಗ ದಿಕ್ಕು ಸೂಚಿಸುವ ಒಂಟಿ ಪದವನ್ನು ನಂಬದೆ, ಎರಡೂ ದಿನಾಂಕಗಳನ್ನು ಹೇಳುವುದೇ ಅತ್ಯಂತ ಸುರಕ್ಷಿತ. ‘20ರಂದು ನಡೆಯಬೇಕಿದ್ದ ಪರೀಕ್ಷೆಯನ್ನು 18ರಂದೇ ನಡೆಸಲಾಗುವುದು’ ಎಂಬ ವಾಕ್ಯದಲ್ಲಿ ತಪ್ಪು ತಿಳಿಯಲು ಎಡೆಯಿಲ್ಲ. ‘18ರಂದೇ’ ಎಂಬಲ್ಲಿರುವ ಒಂದು ಏಕಾರ ‘ಮೊದಲೇ’ ಎಂಬ ಭಾವವನ್ನು ಇಡಿಯಾಗಿ ಹೊರುತ್ತದೆ. ‘ಹಿಂದಕ್ಕೆ ಹಾಕಲಾಗಿದೆ’ ಎಂದು ಬರೆಯಬೇಡಿ, ಅದನ್ನು ಕೆಲವರು ಬೇಗ ಎಂದೂ ಕೆಲವರು ತಡ ಎಂದೂ ಓದುತ್ತಾರೆ.

ಗಡಿಯಾರದ ವಿಷಯದಲ್ಲಿ ಮಾತ್ರ ‘ಮುಂದಕ್ಕೆ’ ಎಂಬುದು ಸರಿಯಾದ ಪದ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ, ಬೇಸಿಗೆಯ ಹಗಲಿನ ಬೆಳಕನ್ನು ಹೆಚ್ಚು ಬಳಸಿಕೊಳ್ಳಲೆಂದು, 2007ರಿಂದ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಮುಂಜಾವಿನ 2 ಗಂಟೆಗೆ ಗಡಿಯಾರವನ್ನು ‘ಅಡ್ವಾನ್ಸ್’ ಮಾಡಿ 3 ಗಂಟೆ ಎಂದಾಗಿಸುತ್ತಾರೆ. ಅಂದರೆ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ. ಇದು ಮೇಲಿನ ನಿಯಮಕ್ಕೆ ವಿರುದ್ಧವೆಂದು ತೋರಿದರೂ ಹಾಗಲ್ಲ: ಮುಳ್ಳು ಮುಂದೆ ಹೋದ ಮೇಲೆ ಜನರು ಸೂರ್ಯನ ಲೆಕ್ಕದಲ್ಲಿ ಒಂದು ಗಂಟೆ ಮೊದಲೇ ಏಳುತ್ತಾರೆ, ಎಲ್ಲ ಕೆಲಸಗಳೂ ಮುಂಚಿತವಾಗುತ್ತವೆ. ನಿದ್ರೆಯ ವೈದ್ಯಕೀಯದಲ್ಲಿ ದೇಹದ ಗಡಿಯಾರವನ್ನು ‘ಅಡ್ವಾನ್ಸ್’ ಮಾಡುವುದೆಂದರೆ ನಿದ್ರೆ ಬೇಗ ಬಂದು ಎಚ್ಚರವೂ ಬೇಗ ಆಗುವಂತೆ ಮಾಡುವುದು. ಪೆಟ್ರೋಲ್ ಎಂಜಿನ್ನಿನ ಕೈಪಿಡಿಯಲ್ಲಿ ಕಿಡಿಯ ಸಮಯವನ್ನು ‘ಅಡ್ವಾನ್ಸ್’ ಮಾಡಿ ಎಂದಿದ್ದರೆ, ಪಿಸ್ಟನ್ ತನ್ನ ಮೇಲ್ತುದಿ ತಲುಪುವುದಕ್ಕೆ ಇನ್ನಷ್ಟು ಮೊದಲೇ ಕಿಡಿ ಹಾರುವಂತೆ ಹೊಂದಿಸಿ ಎಂದರ್ಥ. ಇಲ್ಲಿ ದಿಕ್ಕು ತಪ್ಪಿದರೆ ಎಂಜಿನ್ ಬಡಿದುಕೊಳ್ಳುತ್ತದೆ ಅಥವಾ ಬಲ ಕಳೆದುಕೊಳ್ಳುತ್ತದೆ.

ಹಂತ 5: ಹಣದ ‘ಅಡ್ವಾನ್ಸ್’ ಮತ್ತು ಮಟ್ಟದ ‘ಅಡ್ವಾನ್ಸ್ಡ್’ ಎರಡನ್ನೂ ಬೇರ್ಪಡಿಸಿ

ಹಣದ ಅರ್ಥ ನಮಗೆ ಚೆನ್ನಾಗಿ ಪರಿಚಿತ, ಆದ್ದರಿಂದಲೇ ಅಲ್ಲಿ ಅಜಾಗರೂಕತೆ ಹೆಚ್ಚು. ಕೇಳಬೇಕಾದ ಪ್ರಶ್ನೆ: ಈ ಹಣ ಮರಳಬೇಕೋ, ಮುಂದೆ ಕೊಡಬೇಕಾದುದರಲ್ಲಿ ವಜಾ ಆಗುತ್ತದೆಯೋ? ಕೆಲಸ ಅಥವಾ ವಸ್ತುವಿನ ಬೆಲೆಯ ಒಂದು ಭಾಗವನ್ನು ಮೊದಲೇ ಕೊಟ್ಟರೆ ಅದು ಮುಂಗಡ. ಬ್ಯಾಂಕ್ ‘ಅಡ್ವಾನ್ಸ್’ ಮಾಡಿದ ಹಣ ಸಾಲ. ಕ್ರೆಡಿಟ್ ಕಾರ್ಡಿನ ‘ಕ್ಯಾಶ್ ಅಡ್ವಾನ್ಸ್’ ಕೂಡ ಸಾಲವೇ, ಅದಕ್ಕೆ ಸಾಮಾನ್ಯವಾಗಿ ಪಡೆದ ದಿನದಿಂದಲೇ ಬಡ್ಡಿ ಬೀಳುತ್ತದೆ. ಅದನ್ನು ‘ನಗದು ಮುಂಗಡ’ ಎಂದು ಬರೆದರೆ ಓದುಗರಿಗೆ ತಮ್ಮದೇ ಹಣ ಮೊದಲೇ ಸಿಗುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ‘ಕಾರ್ಡಿನ ಮೇಲೆ ನಗದು ಸಾಲ’ ಎಂದರೆ ವಿಷಯ ನೇರವಾಗಿ ತಿಳಿಯುತ್ತದೆ. ಲೇಖಕರಿಗೆ ಪ್ರಕಾಶಕರು ಕೊಡುವ ‘ಅಡ್ವಾನ್ಸ್’ ಮುಂದೆ ಬರುವ ಗೌರವಧನದಲ್ಲಿ (ರಾಯಲ್ಟಿಯಲ್ಲಿ) ವಜಾ ಆಗುವಂಥದ್ದು, ಸಾಲವಲ್ಲ.

ಇನ್ನು ನಮ್ಮ ಆಡುಮಾತಿನಲ್ಲಿ ಬಾಡಿಗೆಯ ವ್ಯವಹಾರದಲ್ಲಿ ಮರಳಿ ಸಿಗಬೇಕಾದ ಠೇವಣಿಗೂ ‘ಅಡ್ವಾನ್ಸ್’ ಎನ್ನುವ ರೂಢಿಯಿದೆ. ಮೂಲ ದಾಖಲೆ ಇಂಗ್ಲಿಷ್‌ನಲ್ಲಿದ್ದು, ಅದರಲ್ಲಿ ‘ಡಿಪಾಸಿಟ್’ ಎಂದಿದ್ದರೆ ಠೇವಣಿ ಎಂದೇ ಬರೆಯಿರಿ, ‘ಅಡ್ವಾನ್ಸ್’ ಎಂದಿದ್ದರೆ ಮರುಪಾವತಿಯ ಷರತ್ತನ್ನು ಓದುವವರೆಗೆ ತೀರ್ಮಾನಿಸಬೇಡಿ.

‘ಅಡ್ವಾನ್ಸ್ಡ್’ ಎಂಬ ವಿಶೇಷಣಕ್ಕೆ ‘ಸುಧಾರಿತ’ ಎಂಬ ಒಂದೇ ಅಚ್ಚನ್ನು ಒತ್ತುವುದು ಈಚೆಗೆ ಹೆಚ್ಚಾಗಿದೆ, ಯಂತ್ರಾನುವಾದ ಇದಕ್ಕೆ ನೀರೆರೆದಿದೆ. ಸುಧಾರಣೆ ಎಂದರೆ ಮೊದಲಿಗಿಂತ ಒಳ್ಳೆಯದಾಗುವುದು. ತಂತ್ರಜ್ಞಾನಕ್ಕೆ ಅದು ಸಲ್ಲುತ್ತದೆ, ಕ್ಯಾನ್ಸರ್‌ಗೆ ಸಲ್ಲುವುದಿಲ್ಲ. ‘ಅಡ್ವಾನ್ಸ್ಡ್ ಕ್ಯಾನ್ಸರ್’ ಎಂದರೆ ಮುಂದುವರಿದ ಹಂತದ, ಹೆಚ್ಚಾಗಿ ದೇಹದಲ್ಲಿ ಹರಡಿದ ಕ್ಯಾನ್ಸರ್. ರೋಗಿಯ ಮನೆಯವರ ಕೈಗೆ ‘ಸುಧಾರಿತ’ ಎಂದು ಬರೆದ ಹಾಳೆ ಸಿಕ್ಕರೆ, ಅವರು ನೆಮ್ಮದಿಯ ಉಸಿರು ಬಿಡಬಹುದು. ಅದಕ್ಕಿಂತ ಕ್ರೂರವಾದ ಅನುವಾದದೋಷ ನನಗೆ ಬೇರೆ ತೋಚುವುದಿಲ್ಲ. ‘ಅಡ್ವಾನ್ಸ್ಡ್ ಏಜ್’ ಎಂಬುದಕ್ಕೆ ಕನ್ನಡದಲ್ಲಿ ದಿಕ್ಕೇ ಬದಲಾಗಿ ‘ಇಳಿವಯಸ್ಸು’ ಎಂಬ ಚೆಲುವಾದ ಪದವಿದೆ, ಅದನ್ನು ಬಿಟ್ಟು ‘ಮುಂದುವರಿದ ವಯಸ್ಸು’ ಎಂದು ಹೊಸದಾಗಿ ಹೊಸೆಯುವ ಅಗತ್ಯವಿಲ್ಲ.

ಹಂತ 6: ಜೊತೆಗಿರುವ ಸಣ್ಣ ಪದಗಳನ್ನು ಓದಿ

ಕ್ರಿಯಾಪದದ ಹಿಂದೆಮುಂದೆ ಬರುವ ‘ಆನ್’, ‘ಟು’, ‘ಬೈ’, ‘ಇನ್’ ಎಂಬ ಪದಗಳು ಅರ್ಥವನ್ನು ಬಿಗಿಗೊಳಿಸುತ್ತವೆ. ‘ಅಡ್ವಾನ್ಸ್ ಆನ್’ ಎಂಬುದರಲ್ಲಿ ಬೆದರಿಕೆಯ ಛಾಯೆಯಿದೆ. ‘ದಿ ಟ್ರೂಪ್ಸ್ ಅಡ್ವಾನ್ಸ್ಡ್ ಆನ್ ದಿ ಸಿಟಿ’ ಎಂದರೆ ಪಡೆಗಳು ನಗರವನ್ನು ಹಿಡಿಯಲು ಅದರತ್ತ ಮುನ್ನುಗ್ಗಿದವು, ಇನ್ನೂ ನಗರದ ಮೇಲೆ ಏರಿಹೋಗಿಲ್ಲ. ‘ಆನ್’ ಎಂದರೆ ‘ಮೇಲೆ’ ಎಂದು ಹಿಡಿದು ‘ನಗರದ ಮೇಲೆ ದಾಳಿ ಮಾಡಿದವು’ ಎಂದು ಬರೆದರೆ ನಡೆಯದ ದಾಳಿಯನ್ನು ವರದಿ ಮಾಡಿದಂತಾಗುತ್ತದೆ. ‘ಅಡ್ವಾನ್ಸ್ ಟುವರ್ಡ್ಸ್’ ಎಂಬುದರಲ್ಲಿ ಆ ಬೆದರಿಕೆ ಇರಲೇಬೇಕೆಂದಿಲ್ಲ.

‘ಬೈ’ ಬಂದಾಗ ಅದರ ಮುಂದೆ ಅಳತೆಯಿದೆಯೋ ವ್ಯಕ್ತಿಯಿದ್ದಾರೆಯೋ ನೋಡಿ. ‘ಬೈ ಟೂ ಡೇಸ್’ ಎಂದರೆ ಎರಡು ದಿನಗಳಷ್ಟು, ‘ಬೈ ದಿ ಕಮಿಟಿ’ ಎಂದರೆ ಸಮಿತಿಯಿಂದ. ‘ಇನ್ ಅಡ್ವಾನ್ಸ್’ ಎಂಬುದು ಸಾಮಾನ್ಯವಾಗಿ ‘ಮುಂಚಿತವಾಗಿ’.

‘ಮೇಕ್’ ಎಂಬ ಕ್ರಿಯಾಪದದೊಡನೆ ಬಹುವಚನದ ‘ಅಡ್ವಾನ್ಸಸ್’ ಬಂದು, ಹತ್ತಿರದಲ್ಲಿ ‘ಅನ್‌ವೆಲ್ಕಮ್’ ಅಥವಾ ‘ರಿಜೆಕ್ಟೆಡ್’ ಎಂಬ ಪದ ಕಂಡರೆ ನಿಂತು ಓದಿರಿ. ಅಲ್ಲಿ ಹಣವೂ ಇಲ್ಲ, ಪ್ರಗತಿಯೂ ಇಲ್ಲ. ಒಬ್ಬರು ಮತ್ತೊಬ್ಬರೊಡನೆ ಪ್ರಣಯದ ಅಥವಾ ಲೈಂಗಿಕ ಸಂಬಂಧಕ್ಕೆ ಪ್ರಯತ್ನಿಸಿದ ವಿಷಯವದು. ಕಿರುಕುಳದ ದೂರುಗಳ ಅನುವಾದದಲ್ಲಿ ಇದನ್ನು ‘ಸಲುಗೆ’ ಎಂದು ತೆಳುಗೊಳಿಸದೆ, ‘ಒಪ್ಪಿಗೆಯಿಲ್ಲದ ಲೈಂಗಿಕ ಪ್ರಯತ್ನಗಳು’ ಎಂದು ನೇರವಾಗಿ ಬರೆಯುವುದು ದೂರು ಕೊಟ್ಟವರಿಗೆ ಸಲ್ಲಿಸಬೇಕಾದ ನ್ಯಾಯ.

ಹಂತ 7: ಈಗ ಕನ್ನಡ ಪದವನ್ನು ಆರಿಸಿ, ಹಿಮ್ಮುಖವಾಗಿ ಪರೀಕ್ಷಿಸಿ

ಇಷ್ಟಾದ ಮೇಲೆ ಇಂಗ್ಲಿಷ್–ಕನ್ನಡ ನಿಘಂಟನ್ನು ತೆರೆಯಬಹುದು. ಆಗ ಹತ್ತು ಪದಗಳಲ್ಲಿ ಎಂಟು ತಾವಾಗಿಯೇ ಉದುರಿಹೋಗಿರುವುದು ಕಾಣುತ್ತದೆ. ವಾಕ್ಯ ಬರೆದ ನಂತರ ಮೂಲವನ್ನು ಮುಚ್ಚಿಟ್ಟು, ನಿಮ್ಮ ಕನ್ನಡ ವಾಕ್ಯವನ್ನಷ್ಟೇ ಇನ್ನೊಬ್ಬರಿಗೆ ಓದಿಹೇಳಿ, ‘ಏನಾಯಿತು? ಯಾರು ಮಾಡಿದರು? ಯಾವಾಗ? ಎಷ್ಟು?’ ಎಂದು ಕೇಳಿರಿ. ಅವರ ಉತ್ತರ ಮೂಲದೊಡನೆ ತಾಳೆಯಾಗದಿದ್ದರೆ ತಪ್ಪು ಅವರದಲ್ಲ, ಮೂರನೆಯ ಹಂತಕ್ಕೆ ಮರಳಬೇಕು.

ನಿಲ್ಲಿ ಎಂದು ಹೇಳುವ ಎಚ್ಚರಿಕೆಯ ಲಕ್ಷಣಗಳು

ಕರಡಿನಲ್ಲಿ ‘ಮುಂದೂಡು’ ಎಂಬ ಪದವಿದ್ದು ಮೂಲದಲ್ಲಿ ‘ಅಡ್ವಾನ್ಸ್’ ಇದ್ದರೆ, ಬೇರೆಲ್ಲ ಕೆಲಸ ಬಿಟ್ಟು ಮೊದಲು ಅದನ್ನು ನೋಡಿ. ರೋಗ, ಕೊಳೆತ, ಸವೆತ, ವಯಸ್ಸುಗಳ ಪಕ್ಕದಲ್ಲಿ ‘ಸುಧಾರಿತ’, ‘ಪ್ರಗತಿ’ ಎಂಬ ಶುಭದ ಪದ ಕಂಡರೂ ಹಾಗೆಯೇ.

ಇನ್ನೊಂದು ಲಕ್ಷಣ ಮೂಲದಲ್ಲೇ ಇರಬಹುದು. ‘ಅಡ್ವಾನ್ಸ್ಡ್ ಫ್ರಮ್ ದಿ 20ತ್ ಟು ದಿ 25ತ್’ ಎಂಬಂಥ ವಾಕ್ಯ ಕಂಡರೆ, ಬರೆದವರು ಬಹುಶಃ ಕನ್ನಡದಲ್ಲೋ ಅಂಥದೇ ಇನ್ನೊಂದು ಭಾಷೆಯಲ್ಲೋ ಯೋಚಿಸಿ, ‘ಮುಂದೂಡು’ ಎಂಬುದನ್ನು ಇಂಗ್ಲಿಷ್‌ಗೆ ಹೊರಳಿಸಿದ್ದಾರೆ. ಇಲ್ಲಿ ಕ್ರಿಯಾಪದವನ್ನು ನಂಬಬೇಕೋ ದಿನಾಂಕಗಳನ್ನು ನಂಬಬೇಕೋ ಎಂಬುದನ್ನು ಅನುವಾದಕರು ತೀರ್ಮಾನಿಸಬಾರದು. ದಿನಾಂಕಗಳೇ ಅದಲುಬದಲಾಗಿರುವ ಸಾಧ್ಯತೆಯೂ ಇದೆ. ಪ್ರಕಟಣೆ ಹೊರಡಿಸಿದವರಿಂದ ಲಿಖಿತ ಸ್ಪಷ್ಟೀಕರಣ ಪಡೆದ ಮೇಲೆಯೇ ಮುಂದಿನ ಹೆಜ್ಜೆ.

ಒಂದು ವಾಕ್ಯದ ಮೇಲೆ ಪೂರ್ಣ ಪ್ರಯೋಗ

‘ದಿ ಬೋರ್ಡ್ ಅಡ್ವಾನ್ಸ್ಡ್ ದಿ ಮೀಟಿಂಗ್ ಫ್ರಮ್ ದಿ 18ತ್ ಟು ದಿ 12ತ್, ಅಡ್ವಾನ್ಸ್ಡ್ ಹರ್ ಎ ಮಂತ್ಸ್ ಸ್ಯಾಲರಿ, ಆ್ಯಂಡ್ ರಿಜೆಕ್ಟೆಡ್ ದಿ ಪ್ರಪೋಸಲ್ ಅಡ್ವಾನ್ಸ್ಡ್ ಬೈ ದಿ ಸ್ಟಾಫ್’ ಎಂಬ ವಾಕ್ಯವನ್ನು ತೆಗೆದುಕೊಳ್ಳೋಣ. ಮೂರು ಕಡೆಯೂ ಸಕರ್ಮಕ ಕ್ರಿಯೆಯೇ, ಮೂರನೆಯದು ಮಾತ್ರ ‘ಪ್ರಪೋಸಲ್’ ಎಂಬುದನ್ನು ವಿಶೇಷಿಸುವ ಕರ್ಮಣಿ ರೂಪದಲ್ಲಿದೆ. ಮೊದಲನೆಯದರಲ್ಲಿ ಚಲಿಸುತ್ತಿರುವುದು ಕಾಲ, ಗೆರೆಯ ಮೇಲೆ 12 ಎಂಬುದು 18ರ ಎಡಕ್ಕೆ ಬೀಳುವುದರಿಂದ ಕ್ರಿಯಾಪದವೂ ದಿನಾಂಕವೂ ಒಂದನ್ನೊಂದು ಒಪ್ಪುತ್ತವೆ. ಎರಡನೆಯದರಲ್ಲಿ ಹಣ, ‘ಸ್ಯಾಲರಿ’ ಎಂದಿರುವುದರಿಂದ ಅದು ಮುಂದೆ ಬರಬೇಕಾದುದರಲ್ಲಿ ವಜಾ ಆಗುವ ಮುಂಗಡ. ಮೂರನೆಯದರಲ್ಲಿ ವಿಚಾರ, ‘ಬೈ’ ಮುಂದೆ ವ್ಯಕ್ತಿಗಳಿರುವುದರಿಂದ ಮಂಡಿಸಿದವರು ನೌಕರರು.

ಕನ್ನಡದಲ್ಲಿ ಹೀಗಾಗುತ್ತದೆ: ‘18ರಂದು ಸೇರಬೇಕಿದ್ದ ಸಭೆಯನ್ನು ಮಂಡಳಿಯು 12ರಂದೇ ಸೇರಲು ನಿಗದಿಪಡಿಸಿತು, ಆಕೆಗೆ ಒಂದು ತಿಂಗಳ ಸಂಬಳವನ್ನು ಮುಂಗಡವಾಗಿ ಕೊಟ್ಟಿತು, ನೌಕರರು ಮುಂದಿಟ್ಟ ಪ್ರಸ್ತಾವವನ್ನು ತಳ್ಳಿಹಾಕಿತು.’ ಒಂದೇ ಇಂಗ್ಲಿಷ್ ಪದ ಮೂರು ಕಡೆ ಮೂರು ರೂಪ ತಾಳಿರುವುದನ್ನು ಕಂಡು, ಏಕರೂಪತೆಗಾಗಿ ಮೂರನ್ನೂ ಒಂದೇ ಪದಕ್ಕೆ ತರಬೇಕೆಂದು ತಿದ್ದುಗರು ಕೇಳಿದರೆ ಒಪ್ಪಬೇಡಿ, ಅಂಚಿನಲ್ಲಿ ನೀವು ಬರೆದುಕೊಂಡ ‘ಕಾಲ’, ‘ಹಣ’, ‘ವಿಚಾರ’ ಎಂಬ ಟಿಪ್ಪಣಿಯನ್ನು ತೋರಿಸಿರಿ.